ಕಡೇ ಮನೆಯ ನಳ

ಉಳವಪ್ಪನ ಆ ದಿನದ ಫಜೀತಿಗೆಲ್ಲ ಕಾರಣ ಅರ್ಧ ಲೋಟ ನೀರು. ಪೂರ್ತಿ ಲೋಟ ಸಿಕ್ಕಿದ್ದರೆ ಬಂದವಳು ಕುಡಿದು ಹೋಗುತ್ತಿದ್ದಳು, ಅವನೂ ತನ್ನ ಪಾಡಿಗೆ ಎಲೆಯ ಕಟ್ಟು ಕಟ್ಟಿಕೊಂಡು ಇರುತ್ತಿದ್ದ.

ಬಿಸಿಲೇರುವ ಹೊತ್ತು. ಸವಣೂರಿನ ಹುಣಸೀಗಿಡದ ಓಣಿಯ ಕಡೇ ಮನೆಯ ಮುಂದೆ ಒಂದು ಸ್ಕೂಟರ್ ನಿಂತಿತು. ಹೆಲ್ಮೆಟ್ಟು ತೆಗೆದು ಬೆವರೊರೆಸಿಕೊಳ್ಳುತ್ತ ಒಬ್ಬ ಹುಡುಗಿ, "ಕಾಕಾ, ಕುಡ್ಯಾಕ ಒಂಚೂರು ನೀರ ಕೊಡ್ರಿ" ಎಂದಳು. ಉಳವಪ್ಪ ಹೆಂಡತಿಯ ಮುಖ ನೋಡಿದ. ಹೊನ್ನವ್ವ ಕೊಡದ ಮುಖ ನೋಡಿದಳು. ಕೊಡವನ್ನು ಬಗ್ಗಿಸಿದಳು, ಇನ್ನಷ್ಟು ಬಗ್ಗಿಸಿದಳು, ಕಡೆಗೆ ಬೋರಲು ಹಾಕಿ ಬೆನ್ನು ತಟ್ಟಿದಳು. ಅರ್ಧ ಲೋಟ ಆಯಿತು. ಬಾಯಾರಿ ಬಂದವರಿಗೆ ಬರೀ ನೀರು ಕೊಡಬಾರದೆಂದು ಒಂದು ಹೆಂಟೆ ಬೆಲ್ಲವನ್ನೂ ಇಟ್ಟಳು. ಲೋಟದ ನೀರಿಗಿಂತ ಬೆಲ್ಲದ ಹೆಂಟೆಯೇ ದೊಡ್ಡದಾಗಿತ್ತು.

"ಇಷ್ಟ ಯಾಕ್ರಿ ನೀರು? ಈ ಓಣಿಗೆ ನೀರ ಬರೂದಿಲ್ಲೇನು?" ಎಂದಳು ಹುಡುಗಿ.

"ಬರ್ತೈತ್ರಿ. ಮೊದಲನೇ ಮನಿಗೆ ನೀರ ಬರ್ತೈತಿ, ನಡುವಿನ ಮನಿಗೆ ಸಪ್ಪಳ ಬರ್ತೈತಿ, ನಮ್ಮದು ಕಡೇ ಮನಿ, ನಮಗ ಸುದ್ದಿ ಬರ್ತೈತಿ" ಎಂದ ಉಳವಪ್ಪ.

ಹುಡುಗಿ ನಕ್ಕು ಕಟ್ಟೆಯ ಮೇಲೆ ಕೂತಳು. ಅವಳ ಹೆಸರು ಸಂಘಮಿತ್ರಾ. ಹಿರೇಕೆರೂರಿನ ಕಡೆಯ ಹಳ್ಳಿಯವಳು. ಅವರ ಕೇರಿಯವರು ಬುದ್ಧನ ಪಟ ತಂದು ಪೂಜೆಗಿಟ್ಟ ವರ್ಷ ಹುಟ್ಟಿದ್ದಕ್ಕೆ ಆ ಹೆಸರು. ನೀರಿನ ಆಫೀಸಿಗೆ ಹೊಸದಾಗಿ ಬಂದ ಎಂಜಿನಿಯರು. ಸ್ಕೂಟರಿನ ಡಿಕ್ಕಿಯಿಂದ ಅವಳು ಮೂರು ಡಬ್ಬಿ ತೆಗೆದು ಕಟ್ಟೆಯ ಮೇಲಿಟ್ಟಳು. ಕುಂಕುಮದ ಭರಣಿಯಷ್ಟು ದೊಡ್ಡವು. ಮೇಲೆ ಒಂದೊಂದು ಪುಟ್ಟ ದೀಪ.

"ಇವನ್ನ ನಳಕ್ಕ ಕೂಡಸ್ತೇವ್ರಿ. ಪೈಪಿನ್ಯಾಗ ನೀರಿನ ಒತ್ತಡ ಎಷ್ಟೈತಿ ಅಂತ ಇವು ಹೇಳ್ತಾವು. ಒತ್ತಡ ಚೊಲೋ ಇದ್ರ ಹಸರ ದೀಪ, ಇಲ್ಲಂದ್ರ ಕೆಂಪ ದೀಪ. ನನ್ನ ಮೊಬೈಲಿಗೂ ಸುದ್ದಿ ಬರ್ತೈತಿ."

"ಮೂವತ್ತ ಮನಿಗೆ ಮೂರ ಡಬ್ಬಿ ಎಲ್ಲಿ ಸಾಕಾಕ್ಕಾವ್ರಿ?"

"ಸಾಕಾಕ್ಕಾವ್ರಿ, ಇಡೂ ಜಾಗಾ ಗೊತ್ತಿದ್ರ. ಡಾಕ್ಟರು ಎದಿಗಿ ನಳಗಿ ಇಡ್ತಾರ, ಬೆನ್ನಿಗಿ ಇಡ್ತಾರ. ಕಿರಿಬೆರಳಿಗೆ ಇಡ್ತಾರೇನು? ಬಾಜೂಬಾಜೂ ಎರಡ ಮನ್ಯಾಗ ಇಟ್ರ ಎರಡೂ ಒಂದ ಮಾತ ಹೇಳ್ತಾವು. ಒಂದು ದಂಡ."

"ಗಂಡಗ ಕೇಳಿದ್ದನ್ನ ಹೆಂಡ್ತಿಗೂ ಕೇಳಿದಂಗ" ಎಂದು ಉಳವಪ್ಪ ತಲೆದೂಗಿದ.

ಒಳಗಿನಿಂದ ಹೊನ್ನವ್ವ, "ನಮ್ಮನ್ಯಾಗ ಹಂಗಿಲ್ಲವಾ. ಅವರದ ಒಂದ ಮಾತು, ನಂದ ಒಂದ ಮಾತು" ಎಂದಳು.

"ಹಂಗಾರ ನಿಮ್ಮನಿಗೆ ಎರಡ ಡಬ್ಬಿ ಹಾಕ್ಬೇಕಾತು ನೋಡ್ರಿ" ಎಂದು ನಕ್ಕು ಸಂಘಮಿತ್ರಾ ಮುಂದುವರಿಸಿದಳು. ಓಣಿಯ ಮೊದಲನೇ ಮನೆಗೆ ಒಂದು, ಪೈಪು ತಿರುಗುವ ನಡುವಿನ ಮೂಲೆಗೆ ಒಂದು, ಕಡೇ ಮನೆಗೆ ಒಂದು. ಈ ಮೂರರಿಂದ ಉಳಿದ ಎಲ್ಲ ಮನೆಗಳ ಹಕೀಕತ್ತನ್ನೂ ಲೆಕ್ಕ ಹಾಕಿ ಹೇಳಬಹುದು. ಮಧ್ಯಾಹ್ನ ನೀರು ಬಿಡುವ ಮೊದಲು ಅವಳೇ ಬಂದು ಕೂಡಿಸುತ್ತಾಳೆ. ಅಷ್ಟರೊಳಗೆ ಆ ಮನೆಯವರನ್ನು ಒಪ್ಪಿಸಿ ಇಡಬೇಕು.

"ಇದರಿಂದ ನಮಗೇನರ ಆಕ್ಕೈತೇನ್ರಿ?"

"ಆಗೂದಿಲ್ಲೇನು! ಈ ಸಲ ಹೊಸಾ ದೊಡ್ಡ ಪೈಪು ಒಂದ ಓಣಿಗೆ ಬಂದೈತಿ. ನಿಮ್ಮ ಓಣಿ, ಇಲ್ಲಾ ಕೆರಿದಂಡಿ ಓಣಿ. ಯಾವ ಓಣಿ ಕಡೇ ಮನ್ಯಾಗ ಇವತ್ತ ಕೆಂಪ ದೀಪ ಹತ್ತತೈತಿ, ಆ ಓಣಿಗೆ ಪೈಪು."

ಉಳವಪ್ಪನ ಎದೆ ಹಿಗ್ಗಿತು. ಅವನದು ವೀಳ್ಯದೆಲೆಯ ವ್ಯಾಪಾರ. ತೋಟಗಳಿಂದ ಎಲೆ ತಂದು, ಒದ್ದೆ ಅರಿವೆಯಲ್ಲಿ ಸುತ್ತಿ, ಮೇಲೆ ಮೇಲೆ ನೀರು ಚಿಮುಕಿಸಿ, ಹಾನಗಲ್ಲು ಶಿಗ್ಗಾಂವಿಗಳ ಸಂತೆಗೆ ಒಯ್ಯಬೇಕು. ನೀರಿಲ್ಲದ ದಿನ ಅವನ ಎಲೆಗಳು ಮಾವನ ಮನೆಯಲ್ಲಿ ಮರ್ಯಾದೆ ಸಿಗದ ಅಳಿಯನ ಮುಖದ ಹಾಗೆ ಬಾಡಿಕೊಳ್ಳುತ್ತಿದ್ದವು. ಕೆಂಪು ದೀಪಕ್ಕೆ ಪೈಪು ಬರುವುದಾದರೆ ಆ ಪೈಪು ಬಂದಂತೆಯೇ. ಇಡೀ ಸವಣೂರಿನಲ್ಲಿ ಅವನ ನಳಕ್ಕಿಂತ ಒಣಗಿದ ನಳ ಇನ್ನೊಂದಿರಲಿಲ್ಲ.

ಹೊರಡುವಾಗ ಸಂಘಮಿತ್ರಾ, "ಮತ್ತ ಒಂದು ಮಾತ್ರಿ. ನಳಕ್ಕ ಮೋಟರ್ ಹಚ್ಚಿ ನೀರ ಎಳಕೊಳ್ಳೂದು ಕಂಡ್ರ ಮೋಟರ್ ಜಪ್ತಿ, ನಳಾ ಬಂದ್. ನಿಮ್ಮಲ್ಲಿ ಐತೇನ್ರಿ?" ಎಂದು ಕೇಳಿದಳು.

"ಶಿವನಾಣೆ ನಮ್ಮನ್ಯಾಗ ಇಲ್ರಿ" ಎಂದ ಉಳವಪ್ಪ.

ಅದು ನಿಜ. ಓಣಿಯ ಮೂವತ್ತು ಮನೆಗಳಲ್ಲಿ ಮೋಟರಿಲ್ಲದ್ದು ಅವನ ಮನೆ ಒಂದೇ. ಮತ್ತೊಬ್ಬರ ಕೊಡದ ನೀರು ಎಳೆದುಕೊಳ್ಳುವುದು ಪಾಪ ಎಂದು ಅವನ ಮನೆಯಲ್ಲಿ ಹಿರಿಯರ ಕಾಲದಿಂದ ನಂಬಿಕೆ. ಅಲ್ಲದೆ ಅವನ ಪೈಪಿನಲ್ಲಿ ಎಳೆದುಕೊಳ್ಳಲು ಏನೂ ಇರುತ್ತಿರಲಿಲ್ಲ. ಉಳಿದ ಮನೆಗಳ ಸುದ್ದಿಯನ್ನು ಅವಳು ಕೇಳಲಿಲ್ಲ, ಇವನು ಹೇಳಲಿಲ್ಲ. ನಾಳೆಯೂ ಅದೇ ಓಣಿಯಲ್ಲಿ ಬದುಕಬೇಕಲ್ಲ!

ಮೊದಲನೇ ಮನೆ ವೀರವ್ವನದು. ಬಾಯಿ ಬಿಟ್ಟರೆ ಆಚೆ ಓಣಿಯ ನಾಯಿಗಳು ಎದ್ದು ಕೂಡುತ್ತಿದ್ದವು. ಉಳವಪ್ಪ ಬಾಗಿಲಲ್ಲಿ ನಿಂತು, "ಯವ್ವಾ, ನೀರಿನ ಆಫೀಸಿನ ಮೇಡಮ್ಮಾರು ಬಂದಾರ, ನಿಮ್ಮ ನಳಕ್ಕ..." ಎನ್ನುವುದರೊಳಗೆ ಬಾಗಿಲು ಮುಚ್ಚಿತು. ಒಳಗೆ ಏನೋ ಭಾರವಾದದ್ದನ್ನು ಎಳೆಯುವ ಸದ್ದು, ತೊಟ್ಟಿಲಿನ ಹಗ್ಗ ಕಿರ್ರೆಂದ ಸದ್ದು. ಬಳಿಕ ಬಾಗಿಲು ತೆರೆಯಿತು. ವೀರವ್ವ ಏದುಸಿರು ಬಿಡುತ್ತ ತೊಟ್ಟಿಲು ತೂಗುತ್ತಿದ್ದಳು.

"ಮೆಲ್ಲಕ ಮಾತಾಡೋ. ಕೂಸು ಮಲಗೇತಿ."

"ಮಗಳು ಬಂದಾಳೇನು ಯವ್ವಾ? ನನಗ ಗೊತ್ತಾ ಇಲ್ಲ!"

"ಹೂಂ, ಬಂದಾಳ. ಕೂಸಿನ ಬಿಟ್ಟು ಪ್ಯಾಟಿಗೆ ಹೋಗ್ಯಾಳ."

ತೊಟ್ಟಿಲು ನೆಲಕ್ಕೆ ತಾಗುವಷ್ಟು ಜಗ್ಗಿತ್ತು. ಹೊದಿಕೆಯ ಒಂದು ಮಗ್ಗುಲಿನಿಂದ ಕೂಸಿನ ಬಾಲ ಇಳಿಬಿದ್ದಿತ್ತು. ಬಾಲದ ತುದಿಗೆ ಮೂರು ಹಲ್ಲಿನ ಪ್ಲಗ್ಗು. ಉಳವಪ್ಪ ಕಣ್ಣು ಹೊರಳಿಸಿಕೊಂಡ.

"ಡಬ್ಬೀನೂ ಬ್ಯಾಡ, ಗಿಬ್ಬೀನೂ ಬ್ಯಾಡ" ಎಂದಳು ವೀರವ್ವ. "ಅದು ಮೀಟರ್ ಇರ್ತೈತಿ. ಇವತ್ತ ಡಬ್ಬಿ ಅಂತೀರಿ, ನಾಳೆ ಬಿಲ್ ತರ್ತೀರಿ. ಬ್ಯಾರೆ ಮನಿಗೆ ಕೂಡಸ್ರಿ."

ಇಲ್ಲಿ ಉಳವಪ್ಪ ತಪ್ಪು ಮಾಡಿದ. ಬೆಳಿಗ್ಗೆ ಕಲಿತ ವಿದ್ಯೆ ಅವನ ಹೊಟ್ಟೆಯಲ್ಲಿ ಕುದಿಯುತ್ತಿತ್ತು. ಅದನ್ನು ಯಾರ ಮುಂದಾದರೂ ಬಡಿಸದೆ ಅವನಿಗೆ ಸಮಾಧಾನವಿರಲಿಲ್ಲ.

"ನೀವ ಬ್ಯಾಡ ಅಂದ್ರೂ ಅಷ್ಟ ಯವ್ವಾ. ಎಲ್ಲಾ ಮನಿಗೂ ಇಡಬೇಕಂತಿಲ್ಲ. ಬರೇ ಮೂರ ಡಬ್ಬಿ ಇಟ್ರ ಸಾಕು, ಮೂವತ್ತೂ ಮನಿ ಪೈಪಿನ್ಯಾಗ ಏನೇನ ನಡದೈತಿ ಅಂತ ಮೇಡಮ್ಮಾರಿಗೆ ಕುಂತಲ್ಲೇ ಗೊತ್ತಾಕ್ಕೈತಿ. ಅದಕ್ಕ ಲೆಕ್ಕ ಐತಿ."

ತೊಟ್ಟಿಲು ನಿಂತಿತು. "ಮೂವತ್ತೂ ಮನೀದು?"

"ಮೂವತ್ತೂ ಮನೀದು. ಬ್ಯಾಡ ಅಂದವರ ಮನೀದು ಮೊದಲ."

ವೀರವ್ವ ತುಸು ಹೊತ್ತು ಬಾಲವನ್ನು ನೋಡಿದಳು. "ಆತು, ಕೂಡಸ್ರಿ. ನಮ್ಮನ್ಯಾಗ ಮುಚ್ಚಿಡೂದು ಏನೈತಿ?" ಎಂದು ಬಾಲವನ್ನು ತೊಟ್ಟಿಲೊಳಗೆ ಮುಚ್ಚಿಟ್ಟಳು.

ನಡುವಿನ ಮೂಲೆಯ ಮನೆ ಮೃತ್ಯುಂಜಯಪ್ಪನವರದು. ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಕಾಯ್ದೆ ಬಿಟ್ಟು ಮಾತಾಡಿದರೆ ಅವರಿಗೆ ಅನ್ನ ಕರಗುತ್ತಿರಲಿಲ್ಲ. ಉಳವಪ್ಪ ಹತ್ತು ಹೆಜ್ಜೆ ನಡೆಯುವುದರೊಳಗೆ ವೀರವ್ವನ ಹಿತ್ತಲಿನಿಂದ ಸುದ್ದಿ ಅಲ್ಲಿಗೆ ಓಡಿ ಹೋಗಿತ್ತು. ಇವನು ಒಳಗೆ ಕಾಲಿಟ್ಟಾಗ ಶಿರಸ್ತೇದಾರರು ದೇವರ ಜಗಲಿಯ ಮುಂದೆ ಕಣ್ಣು ಮುಚ್ಚಿ ಕೂತಿದ್ದರು. ಜಗಲಿಯ ನಡುವೆ ಕೆಂಪು ಶಾಲು ಹೊದ್ದ ಒಂದು ದುಂಡನೆಯ ಆಕೃತಿ. ಮೇಲೆ ಒಂದು ಮೊಳ ಮಲ್ಲಿಗೆ, ಹಣೆಯೆನ್ನಬಹುದಾದ ಜಾಗದಲ್ಲಿ ವಿಭೂತಿ. ಊದುಬತ್ತಿಯ ವಾಸನೆಯ ಜೊತೆ ಗ್ರೀಸಿನ ವಾಸನೆಯೂ ಬರುತ್ತಿತ್ತು. ಶಿವನು ಹಾಲಾಹಲವನ್ನೇ ಕುಡಿದವನಾದ್ದರಿಂದ ಇದನ್ನೂ ಸಹಿಸಿದ.

"ಪೂಜಾದಾಗ ಅದೇನಿ" ಎಂದರು ಶಿರಸ್ತೇದಾರರು ಒಂದೇ ಕಣ್ಣು ತೆರೆದು. "ಏನ ಇದ್ರೂ ಆಮ್ಯಾಲ."

"ಹೊತ್ತಿಲ್ರಿ ಶಿರಸ್ತೇದಾರ್ರ. ಮಧ್ಯಾಹ್ನ ನೀರ ಬಿಡ್ತಾರ. ನಿಮ್ಮ ನಳಕ್ಕ ಒಂದ ಡಬ್ಬಿ ಕೂಡಸೂದೈತಿ."

"ಯಾವ ಕಾಯ್ದೆದಾಗ ಐತಿ? ಕಲಮು ಯಾವುದು?"

"ಕಲಮು ಗೊತ್ತಿಲ್ರಿ. ಆದ್ರ ನೀವ ಒಲ್ಲೆ ಅಂದ್ರ ಯಾಕ ಒಲ್ಲೆ ಅಂದ್ರು ಅಂತ ಕೇಳ್ತಾರ. ಹಂಗೂ ವೀರವ್ವನ ಮನೀದು, ನಮ್ಮನೀದು ಸೇರಿಸಿ ನಡುವಿಂದು ಲೆಕ್ಕಾ ತಗೀತಾರ."

ಶಿರಸ್ತೇದಾರರು ಇನ್ನೊಂದು ಕಣ್ಣನ್ನೂ ತೆರೆದರು. "ಹಂಗಿದ್ರ ಸರಕಾರಿ ಕೆಲಸಕ್ಕ ಅಡ್ಡಿ ಮಾಡೂದು ಅಪರಾಧ. ನನ್ನ ಪೂರ್ಣ ಸಹಕಾರ ಐತಿ ಅಂತ ತಿಳಸ್ರಿ" ಎಂದು ಶಾಲನ್ನು ಇನ್ನಷ್ಟು ಎಳೆದು ಸರಿಪಡಿಸಿದರು.

ಉಳವಪ್ಪ ಮನೆಗೆ ಮರಳಿದಾಗ ಪಕ್ಕದ ಮನೆಯ ಬಂದೇಸಾಬ ಕಟ್ಟೆಯ ಮೇಲೆ ಕಾಯುತ್ತಿದ್ದ. ಸೇವು, ಪುಟಾಣಿ ಬೆರೆಸಿದ ಸವಣೂರಿನ ಖಾರಾ ಮಾಡಿ ಮಾರುವವನು. ಕೈಗೆ, ಮೀಸೆಗೆ, ಮಾತಿಗೆ ಕೂಡ ಕಡಲೆಹಿಟ್ಟು ಹತ್ತಿದ ಮನುಷ್ಯ. ತನ್ನ ಮನೆಯ ನೀರಿನಿಂದ ಹೊನ್ನವ್ವನಿಗೆ ದಿನಾಲು ಎರಡು ಕೊಡ ಕೊಡುತ್ತಿದ್ದವನು ಅವನೇ. ಉಳವಪ್ಪನ ಎಲೆಗಳು ಬದುಕಿದ್ದು ಅವನ ಪುಣ್ಯದಿಂದ, ಅವನ ಮೋಟರಿನಿಂದ.

"ಉಳವಪ್ಪಣ್ಣಾ, ಆ ಡಬ್ಬಿಗೆ ಬಾಜೂ ಮನೀದೂ ತಿಳೀತೈತಂತಲ್ಲ, ಖರೇನಾ?"

"ಖರೇ. ನೀ ಉಸರಾಡಿದ್ರೂ ತಿಳೀತೈತಿ."

"ಯಾ ಅಲ್ಲಾ!" ಎಂದ ಬಂದೇಸಾಬ ಎದ್ದು ಹೋದ. ಸ್ವಲ್ಪ ಹೊತ್ತಿನಲ್ಲಿ ಅವನ ಅಂಗಳದಲ್ಲಿ ನಟ್ಟು ಬಿಚ್ಚುವ ಸಪ್ಪಳ, ಅದರ ಬೆನ್ನಿಗೆ ದೊಡ್ಡ ಡಬರಿಯಲ್ಲಿ ಸರಬರನೆ ಖಾರಾ ಸುರಿಯುವ ಸಪ್ಪಳ ಕೇಳಿಸಿತು.

ಸುದ್ದಿ ಓಣಿಯಲ್ಲಿ ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಹೋಗುತ್ತ ಬಲಿತು ಎಮ್ಮೆಯಾಯಿತು. ಡಬ್ಬಿಗೆ ಕಣ್ಣಿದೆ ಎಂದರು. ಕಿವಿಯೂ ಇದೆ ಎಂದರು. ಪೈಪಿನ ಹತ್ತಿರ ಅತ್ತೆ ಸೊಸೆ ಜಗಳವಾಡಿದರೆ ಹಾವೇರಿಯ ಆಫೀಸಿನಲ್ಲಿ ಕೇಳುತ್ತದೆ ಎಂದರು. ಆ ಮಧ್ಯಾಹ್ನ ಹುಣಸೀಗಿಡದ ಓಣಿಯಲ್ಲಿ ಜನ ಪಿಸುಮಾತಿನಲ್ಲಿ ಊಟ ಮಾಡಿದರು. ಯಾರ ಅಂಗಳದಲ್ಲಿ ನೋಡಿದರೂ ನಳದ ಬುಡ ಬೋಳಾಗಿತ್ತು.

ಸಂಘಮಿತ್ರಾ ಬಂದು ತಾನೇ ನಟ್ಟು ತಿರುವುವ ಪಾನಾ ಹಿಡಿದು ಮೂರೂ ಡಬ್ಬಿ ಕೂಡಿಸಿದಳು. ವೀರವ್ವನ ತೊಟ್ಟಿಲಿಗೆ ಕೈಮುಗಿದು "ಕೂಸು ಶಾಣ್ಯಾ ಐತಿ, ಅಳೂದಾ ಇಲ್ಲ" ಎಂದಳು. ಕಡೇ ಡಬ್ಬಿ ಉಳವಪ್ಪನ ನಳಕ್ಕೆ ಕೂತಾಗ ಕೆಂಪು ದೀಪ ಹತ್ತಿತು. "ನೀರ ಬಿಟ್ಟ ಮ್ಯಾಲೂ ಹಿಂಗ ಇದ್ರ ಪೈಪು ನಿಮ್ಮದ ಕಾಕಾ. ಸಂಜಿಮಟ ನಾ ಕೆರಿದಂಡಿ ಓಣ್ಯಾಗ ಇರ್ತೇನಿ" ಎಂದು ಹೋದಳು.

ಉಳವಪ್ಪ ಆ ಕೆಂಪು ದೀಪದ ಮುಂದೆ ಚಾಪೆ ಹಾಸಿಕೊಂಡು ಕೂತ. ಮದುಮಗಳ ಮೂಗುತಿಯ ಹರಳಿನ ಹಾಗೆ ಅದು ಮಿನುಗುತ್ತಿತ್ತು. ಹೊಸ ಪೈಪಿನ ಉದ್ದ, ಅಗಲ, ಅದರೊಳಗಿಂದ ಬರುವ ನೀರಿನ ದಪ್ಪ, ಎಲ್ಲವನ್ನೂ ಅವನು ಕಣ್ಣು ಮುಚ್ಚಿ ನೋಡುತ್ತಿದ್ದ.

ಅಷ್ಟರಲ್ಲಿ ನಳ ಕೆಮ್ಮಿತು.

ಗಂಡ ಹೆಂಡತಿ ಇಬ್ಬರೂ ತಿರುಗಿ ನೋಡಿದರು. ನಳ ಇನ್ನೊಮ್ಮೆ ಕೆಮ್ಮಿ, ಒಂದು ಸತ್ತ ಜಿರಲೆಯನ್ನು ಉಗುಳಿ, ಗಂಟಲು ಸರಿಮಾಡಿಕೊಂಡು, ತುಕ್ಕಿನ ಬಣ್ಣದ ನೀರು ಕಾರಿತು. ಬಳಿಕ ನೀರು ಬಂತು. ಬಂತೆಂದರೆ, ಹಗ್ಗ ಹರಿದ ಹೋರಿಯ ಹಾಗೆ ಬಂತು. ಬಕೆಟ್ಟು ಉರುಳಿತು. ಎಲೆಯ ಬುಟ್ಟಿಗಳು ತೇಲಿದವು. ಉಳವಪ್ಪ ಕೂತ ಚಾಪೆ ಅವನನ್ನು ಹೊತ್ತುಕೊಂಡೇ ಹೊಸ್ತಿಲಿನ ಕಡೆಗೆ ಸರಿಯಿತು.

"ಗಂಗವ್ವಾ! ಬಂದೆಯೇನ ತಾಯಿ!" ಎಂದು ಹೊನ್ನವ್ವ ಸೆರಗು ಸಿಕ್ಕಿಸಿ ಎದ್ದಳು. ಕೊಡ ತುಂಬಿದಳು, ಹಂಡೆ ತುಂಬಿದಳು, ಪಾತೇಲಿ ತುಂಬಿದಳು, ಉಪ್ಪಿನಕಾಯಿಯ ಖಾಲಿ ಭರಣಿಯನ್ನೂ ಬಿಡಲಿಲ್ಲ. ನಡುವೆ ತಟ್ಟನೆ ನಿಂತು, ಬೆಳಗಿದ ತಂಬಿಗೆಯೊಂದನ್ನು ತುಂಬಿಕೊಂಡು ಒಳಗೆ ಹೋಗಿ ಅತ್ತೆಯ ಫೋಟೋದ ಮುಂದೆ ಇಟ್ಟಳು.

ಉಳವಪ್ಪನ ತಾಯಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ನೀರು ಬಿಡುವ ದಿನ ಬಂದರೆ ಆಕೆ ಹುಣಸೆಹಣ್ಣಿನಿಂದ ನಳವನ್ನು ತಿಕ್ಕಿ, ವಿಭೂತಿ ಹಚ್ಚಿ, ಬುಡದಲ್ಲಿ ತಂಬಿಗೆ ಇಟ್ಟು ಕೂಡುತ್ತಿದ್ದಳು. "ಬರ್ತಾಳಪಾ, ದೂರದಿಂದ ಬರಬೇಕಲ್ಲ" ಎನ್ನುತ್ತಿದ್ದಳು. ಆ ಫೋಟೋದ ಮುಂದಿನ ತಂಬಿಗೆಯಲ್ಲಿ ನೀರು ಅಲುಗಾಡಿ ನಿಂತಿತು. ಉಳವಪ್ಪ ಒದ್ದೆ ಧೋತರದಲ್ಲೇ ಬಾಗಿಲಿಗೆ ಒರಗಿ ನೋಡಿದ. ಆಕೆ ಇದ್ದಿದ್ದರೆ ಈ ಸದ್ದನ್ನು ಕೇಳಿಯೇ ನಕ್ಕುಬಿಡುತ್ತಿದ್ದಳು.

ಮುಖ ಒರೆಸಿಕೊಂಡು ಈ ಕಡೆ ತಿರುಗಿದಾಗ ಅವನಿಗೆ ಡಬ್ಬಿ ಕಂಡಿತು. ದೀಪ ಹಸಿರಾಗಿತ್ತು. ಹಸಿರೆಂದರೆ ಅವನ ಬುಟ್ಟಿಯ ಎಳೆಯ ಎಲೆಗಿಂತ ಹಸಿರು.

"ಅಯ್ಯೋ! ಹೊನ್ನವ್ವಾ, ಪೈಪು ಹೋತು!"

"ಎಲ್ಲಿ ಹೋತು? ಇಲ್ಲೇ ಸೋರಾಕತ್ತೈತಲ್ರೀ!"

"ಅದಲ್ಲ, ಹೊಸಾ ಪೈಪು! ಕೆಂಪ ದೀಪ ಹತ್ತಬೇಕಿತ್ತ!"

ಕಾರಣ ಅವನಿಗೆ ಒಮ್ಮೆಲೇ ಹೊಳೆಯಿತು. ಓಣಿಯ ಇಪ್ಪತ್ತೊಂಬತ್ತು ಮೋಟರುಗಳಲ್ಲಿ ಒಂದೂ ಓಡುತ್ತಿಲ್ಲ. ಡಬ್ಬಿಗೆ ಹೆದರಿ ಇಡೀ ಓಣಿ ಒಂದು ದಿನದ ಮಟ್ಟಿಗೆ ಸಜ್ಜನವಾಗಿಬಿಟ್ಟಿದೆ. ಹೆದರಿಸಿದವನು ತಾನೇ. ನಾಳೆ ಡಬ್ಬಿ ಹೋಗುತ್ತದೆ, ಮೋಟರು ಬರುತ್ತದೆ, ಮತ್ತೆ ಅದೇ ಒಣ ನಳ. ಪೈಪು ಮಾತ್ರ ಕೆರೆದಂಡೆಯ ಓಣಿಗೆ!

ಉಳವಪ್ಪ ಓಣಿಯಲ್ಲಿ ಓಡಿದ. ಒದ್ದೆ ಧೋತರ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ವೀರವ್ವನ ಬಾಗಿಲಲ್ಲಿ ನಿಂತು, "ಯವ್ವಾ, ಕೈಮುಗೀತೇನಿ, ಒಂಚೂರು ಮೋಟರ್ ಚಾಲೂ ಮಾಡ್ರಿ!" ಎಂದ.

ವೀರವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಮೋಟರ್? ಏನ ಮಾತೋ ಅದು! ನಾವೇನ ಅಂಥಾ ಮಂದಿ ಏನು? ಹೋಗ, ಕೂಸು ಏಳತೈತಿ."

"ಆ ಕೂಸನ್ನ ಎಬ್ಬಸ್ರಿ ಯವ್ವಾ! ಅದನ್ನ ಕೇಳಾಕತ್ತೇನಿ!"

ಬಾಗಿಲು ಮುಚ್ಚಿತು. ಒಳಗಿನಿಂದ ಡಬ್ಬಿಗೆ ಕೇಳಲೆಂದು ದೊಡ್ಡ ದನಿಯಲ್ಲಿ ಜೋಗುಳ ಕೇಳಿಸಿತು.

ಶಿರಸ್ತೇದಾರರು ಗೇಟಿನಲ್ಲೇ ತಡೆದರು. "ಉಳವಪ್ಪಾ, ಅಪರಾಧಕ್ಕ ಪ್ರಚೋದನೆ ಕೊಡೂದು ಅಪರಾಧಕ್ಕಿಂತ ದೊಡ್ಡದು. ಮೋಟರ್ ಅನ್ನೂ ಶಬ್ದ ನಾ ಕೇಳಿಲ್ಲ, ನೀ ಹೇಳಿಲ್ಲ."

"ನಿಮ್ಮ ಜಗಲಿ ಮ್ಯಾಲಿನ ದೇವರನ್ನ ಒಂದ ತಾಸು ಕೊಡ್ರಿ!"

"ಶಿವ ಶಿವಾ!" ಎಂದು ಶಿರಸ್ತೇದಾರರು ಎರಡೂ ಕಿವಿ ಮುಚ್ಚಿಕೊಂಡರು.

ಬಾಗಿಲು ಬಾಗಿಲಿಗೂ ಇದೇ ಮಾತು. ಮೋಟರನ್ನು ಹುಟ್ಟಿದಾಗಿನಿಂದ ನೋಡಿಲ್ಲ ಎಂದರು ಕೆಲವರು. ಅದು ಕರ್ರಗಿರುತ್ತದೋ ಬೆಳ್ಳಗಿರುತ್ತದೋ ಎಂದರು ಕೆಲವರು. ಉಳವಪ್ಪ ಸೋತು ಬಂದೇಸಾಬನ ಅಂಗಳದಲ್ಲಿ ಕುಸಿದು ಕೂತ.

"ಬಂದೇಸಾಬಾ, ನೀನರ ಮೋಟರ್ ಹಚ್ಚೋ."

"ನಾ ಒಲ್ಲೆ ಅಣ್ಣಾ. ಹುಡುಗೂರ ಮರಿ ಅದಾವು. ನಳಾ ಕಟ್ ಮಾಡಿದ್ರ ಹಿಟ್ಟ ಎದರಿಂದ ಕಲಸ್ಲಿ?" ಎಂದ ಬಂದೇಸಾಬ. ಗೆಳೆಯನ ಮುಖ ನೋಡಿ ಖಾರಾದ ಡಬರಿಯ ಕಡೆ ಕೈ ತೋರಿಸಿದ. "ಬೇಕಂದ್ರ ನೀ ಒಯ್ದ ಹಚ್ಕೊ. ನಿನ್ನ ಡಬ್ಬಿ ಮುಂದ ನೀನ ಎಳಕೊಂಡ್ರ ಅದರಾಗ ಒತ್ತಡ ಎಲ್ಲಿ ಉಳೀತೈತಿ? ಆದ್ರ ನಂದು ಅಂತ ಮಾತ್ರ ಹೇಳಬ್ಯಾಡಪಾ."

ಉಳವಪ್ಪ ಫೋಟೋದ ಕಡೆಗೊಮ್ಮೆ ಮನಸ್ಸಿನಲ್ಲೇ ಕೈಮುಗಿದ. ಮಂದಿಯ ನೀರು ಎಳೆಯುತ್ತಿಲ್ಲ ಅವ್ವಾ, ಇದು ಮನೆಗೆ ಬಂದ ನೀರೇ ಎಂದುಕೊಂಡ. ಇಬ್ಬರೂ ಡಬರಿಯಲ್ಲಿ ಕೈಹಾಕಿ ಖಾರಾದ ಅಡಿಯಿಂದ ಮೋಟರನ್ನು ಹೊರತೆಗೆದರು. ಅದರ ಸಂದುಗೊಂದುಗಳಲ್ಲೆಲ್ಲ ಸೇವು, ಪುಟಾಣಿ, ಮೆಣಸಿನಪುಡಿ ತುಂಬಿತ್ತು. ಒರೆಸುವಷ್ಟು ವ್ಯವಧಾನ ಯಾರಿಗಿತ್ತು?

ಹೊನ್ನವ್ವ ನಳಕ್ಕೆ ಅಡ್ಡ ನಿಂತಳು. "ಬಂದ ಗಂಗವ್ವನ ಓಡಸಾಕತ್ತೀರೇನ್ರಿ?"

"ಓಡಸಾಕಲ್ಲೇ, ಕಾಯಂ ಕರ್ಕೊಂಡ ಬರಾಕ! ಸರಿ ಬಾಜೂಕ!"

ಡಬ್ಬಿಯ ಮುಂದೆ ಪೈಪು ಜೋಡಿಸಿ, ಪ್ಲಗ್ಗು ಚುಚ್ಚಿ, ಉಳವಪ್ಪ ಗುಂಡಿ ಒತ್ತಿದ. ಮೋಟರ್ ಗೊರ್ರೆಂದಿತು. ಮೊದಲ ಸುತ್ತಿಗೆ ಅದು ನೀರನ್ನು ಎಳೆಯುವ ಮೊದಲು ಖಾರಾವನ್ನು ತೂರಿತು. ಸೇವು ಗೋಡೆಗೆ ಬಡಿಯಿತು, ಪುಟಾಣಿ ಸೂರಿಗೆ ಹಾರಿತು, ಮೆಣಸಿನಪುಡಿ ಮೋಡವಾಗಿ ಕವಿಯಿತು. ಉಳವಪ್ಪ ಸೀನಿದ, ಹೊನ್ನವ್ವ ಸೀನಿದಳು, ಗೋಡೆಯಾಚೆ ಬಂದೇಸಾಬ ಸೀನಿದ. ಕಣ್ಣೀರಿನ ಮಧ್ಯೆ ಉಳವಪ್ಪ ಡಬ್ಬಿಯನ್ನು ನೋಡಿದ. ಹಸಿರು ಕಣ್ಣು ಮಿಟುಕಿಸಿತು, ನಡುಗಿತು, ಆರಿತು. ಕೆಂಪು ಹತ್ತಿತು!

"ಹತ್ತೇತಿ! ಹತ್ತೇತಿ! ಹಾಕ್ಷೀ!" ಎಂದು ಅವನು ಕುಣಿದ.

ಕುಣಿತ ಮುಗಿಯುವ ಮೊದಲೇ ಓಣಿಯಲ್ಲಿ ಸ್ಕೂಟರಿನ ಸದ್ದಾಯಿತು. ಸಂಘಮಿತ್ರಾ ಒಂದು ಕೈಯಲ್ಲಿ ಮೊಬೈಲು ಹಿಡಿದು, ಇನ್ನೊಂದರಲ್ಲಿ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ವೀರವ್ವ, ಶಿರಸ್ತೇದಾರರು, ಇಡೀ ಓಣಿ.

"ನೀವೇನು ಕಾಕಾ?" ಎಂದಳು ಅವಳು. ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. "ಮೊದಲನೇ ಡಬ್ಬಿ ತುಸು ಇಳೀತು. ನಡುವಿಂದು ಇನ್ನಷ್ಟು ಇಳೀತು. ಕಡೇದು ದಪ್ಪಂತ ಬಿತ್ತು. ಮೋಟರ್ ಹಚ್ಚಿದವರ ಮನಿ ಯಾವುದು ಅಂತ ಕೆರಿದಂಡ್ಯಾಗ ನಿಂತಾಗ ಗೊತ್ತಾತು. ಆದ್ರ ನೀವು ಅಂತ ಮನಸ ಒಪ್ಪಲಿಲ್ಲ. ಅರ್ಧ ಲೋಟ ನೀರಿನ್ಯಾಗೂ ಬೆಲ್ಲಾ ಕೊಟ್ಟ ಮನಿ ಇದು."

"ಮೇಡಮ್ಮಾರ, ಎಲ್ಲಾರ ಮನ್ಯಾಗೂ ಅದಾವ್ರಿ ಮೋಟರು! ನನ್ನಲ್ಲಿ ಒಂದ ಇರಲಿಲ್ಲ!"

"ನೀರ ಬಿಟ್ಟಾಗಿಂದ ಮೂರೂ ಡಬ್ಬಿ ನೋಡಾಕತ್ತೇನ್ರಿ. ಇಡೀ ಓಣ್ಯಾಗ ಒಬ್ಬರೂ ಹಚ್ಚಿಲ್ಲ. ಹಚ್ಚಿದವರು ನೀವ ಒಬ್ಬರು. ಯಂತ್ರಕ್ಕ ಸುಳ್ಳ ಹೇಳೂ ದರ್ದ ಏನೈತಿ?"

"ಹೌದ್ರಿ, ಹೌದ್ರಿ" ಎಂದಿತು ಓಣಿ.

"ನಮ್ಮ ಕೂಸಿನ ಸ್ನಾನಕ್ಕ ನೀರ ಸಾಲವಲ್ದಾಗಿತ್ತು. ಯಾಕ ಅಂತ ಈಗ ತಿಳೀತು" ಎಂದಳು ವೀರವ್ವ ಕಣ್ಣೊರೆಸಿಕೊಳ್ಳುತ್ತ. ಕಣ್ಣೀರು ಮಾತ್ರ ನಿಜವಾದದ್ದು, ಮೆಣಸಿನಪುಡಿಯದು.

"ಕಾಯ್ದೆ ಎಲ್ಲಾರಿಗೂ ಒಂದ" ಎಂದರು ಶಿರಸ್ತೇದಾರರು.

"ಮೋಟರ್ ಯಾರದ್ರಿ?" ಎಂದು ಸಂಘಮಿತ್ರಾ ಕೇಳಿದಳು.

ಗುಂಪಿನ ಹಿಂದೆ ಬಂದೇಸಾಬನ ಮುಖ ಹಿಟ್ಟಿಗಿಂತ ಬೆಳ್ಳಗಾಗಿತ್ತು. ಉಳವಪ್ಪ ಅವನನ್ನೊಮ್ಮೆ ನೋಡಿದ. ದಿನದಿನದ ಎರಡು ಕೊಡ ನೆನಪಾದವು.

"ನಂದ್ರಿ" ಎಂದ.

ಮೋಟರ್ ಜಪ್ತಿಯಾಯಿತು. ಉಳವಪ್ಪನ ನಳಕ್ಕೆ ಅವಳೇ ತಿರುಗಣಿ ತಿರುವಿ ಮುಚ್ಚಳ ಹಾಕಿ ಮುದ್ರೆ ಒತ್ತಿದಳು. ಹುಣಸೀಗಿಡದ ಓಣಿಗೆ ನೀರು ಚೆನ್ನಾಗಿ ಬರುತ್ತದೆ, ತೊಂದರೆ ಇದ್ದದ್ದು ಕಡೇ ಮನೆಯ ಒಂದು ಮೋಟರಿನದು, ಅದೂ ಇನ್ನಿಲ್ಲ ಎಂದು ಲೆಕ್ಕ ಮುಗಿಯಿತು. ಪೈಪು ಕೆರೆದಂಡೆಯ ಓಣಿಗೆ ಹೋಯಿತು. ಮೂರೂ ಡಬ್ಬಿ ಬಿಚ್ಚಿಕೊಂಡು ಅವಳ ಸ್ಕೂಟರ್ ಮೂಲೆ ತಿರುಗಿತು.

ತಿರುಗಿದ್ದೇ ತಡ, ಓಣಿಯ ತಲೆಯಲ್ಲಿ ಒಂದು ಗೊರ್ರೆಂದಿತು. ಅದಕ್ಕೆ ಇನ್ನೊಂದು ಓಗೊಟ್ಟಿತು. ಕೂಸುಗಳು ತೊಟ್ಟಿಲಿಳಿದವು, ದೇವರು ಜಗಲಿ ಇಳಿದರು. ಸೂರ್ಯ ಮುಳುಗುವ ಹೊತ್ತಿಗೆ ಓಣಿಯೆಲ್ಲ ಜೇನುಗೂಡಿನ ಹಾಗೆ ಮೊರೆಯುತ್ತಿತ್ತು. ಮೊರೆಯದಿದ್ದದ್ದು ಎರಡೇ ಮನೆ, ಕಡೇದು ಮತ್ತು ಅದರ ಪಕ್ಕದ್ದು.

ಬಂದೇಸಾಬ ಖಾಲಿ ಕೊಡ ಹಿಡಿದುಕೊಂಡು ಬಂದು ಕಟ್ಟೆಯ ಮೇಲೆ ಕೂತ. "ಅಣ್ಣಾ, ನನ್ನ ಮಾನಾ ಉಳಿಸಿದಿ. ನಿನಗ ದಿನಾ ಎರಡಲ್ಲ, ನಾಲ್ಕ ಕೊಡ ಕೊಡ್ತಿದ್ದೆ. ಆದ್ರ ಮೋಟರ್ ಇಲ್ಲದ ಎಲ್ಲಿಂದ ತರ್ಲಿ?"

ತುಂಬಿಟ್ಟ ಹಂಡೆ ಕೊಡಗಳ ನೀರನ್ನು ಹೊನ್ನವ್ವ ಎರಡೂ ಮನೆಗೆ ಹಂಚಿದಳು. ಮೂರನೆಯ ದಿನಕ್ಕೆ ಉಪ್ಪಿನಕಾಯಿಯ ಭರಣಿಯೂ ಬರಿದಾಯಿತು. ಎಲೆಗಳು ಬಾಡತೊಡಗಿದವು. ಬೇರೆ ದಾರಿಯಿಲ್ಲದೆ ಉಳವಪ್ಪ ಒಂದು ಕೊಡ ಹೊತ್ತು, ಬಂದೇಸಾಬನನ್ನೂ ಕರೆದುಕೊಂಡು ವೀರವ್ವನ ಮನೆಯ ಮುಂದೆ ನಿಂತ.

ವೀರವ್ವ ಒಳ್ಳೆಯ ಹೆಂಗಸು. ಬಾಯಿ ದೊಡ್ಡದಾದರೂ ನೀರಿಲ್ಲವೆನ್ನುವವಳಲ್ಲ. ಓಣಿಯ ಆ ತುದಿ ಈ ತುದಿ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೆಲ್ಲಗೆ ಹೇಳಿದಳು:

"ಕೊಡ್ತೇನಪಾ, ಇಲ್ಲ ಅನ್ನೂದಿಲ್ಲ. ಟಾಕಿ ತುಂಬೇತಿ. ಆದ್ರ ಹಿತ್ತಲ ಬಾಗಲದಿಂದ ಬರ್ರಿ. ಮೋಟರ್ ಕಳ್ಳಗ ನೀರ ಕೊಟ್ರು ಅಂತ ಯಾರರ ನೋಡಿದ್ರ ನಮ್ಮ ಮರ್ಯಾದಿ ಏನ ಉಳೀತೈತಿ?"